ಒಂದು ಕಿವಿಗೆ ಸಾಕು

ಬೈತಕೋಲಿನಿಂದ ನೇರ ಬಂದವನು, ಅಂಗೈಯೆಲ್ಲ ಗ್ರೀಸು,
ಗಾಜಿನ ಪೆಟ್ಟಿಗೆ ಮುಟ್ಟಲು ನಾಚಿ
ಗದ್ದದಲ್ಲೇ ತೋರಿಸಿದೆ: ಅದು. ಊಹೂಂ, ಅದರ ಪಕ್ಕದ್ದು.
ಇನಾಸ ಒಂದೊಂದೇ ತೆಗೆದು ಸಾಲಾಗಿಟ್ಟ,
ಹರಾಜಿಗೆ ಸುರಿದ ತಾರ್ಲೆಯ ಹಾಗೆ ಮಿಣಮಿಣ,
ಬಿಳಿಯದು, ಕಡುನೀಲಿಯದು,
ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು.

"ಫೋನಿನಲ್ಲೇ ಹಾಡು ಬರ್ತದಲ್ಲ ಅಂಕಲ್, ಇದ್ಯಾಕೆ?"
ಒಳ್ಳೆಯ ಪ್ರಶ್ನೆ.
ದೇವಗಡದ ದೀಪ ಬೆನ್ನ ಹಿಂದೆ ಮುಳುಗಿದ ಮೇಲೆ
ಟವರು ಹುಡುಕಿ ಹುಡುಕಿ
ತನ್ನ ಬ್ಯಾಟರಿ ತಾನೇ ತಿನ್ನುತ್ತದೆ ಫೋನು.
ಕೈಗೆತ್ತಿಕೊಂಡರೆ ನಾನೂ ಹಾಗೇ,
ಕಡ್ಡಿ ಬಂತೇ, ಒಂದಾದರೂ ಕಡ್ಡಿ ಬಂತೇ,
ಹಾಡು ಎಲ್ಲೋ ಬಿಟ್ಟುಹೋಗಿರುತ್ತದೆ.
ಯಾರೂ ಕರೆಯಲಾರದಂಥದು ಬೇಕು ನನಗೆ.
ಇಷ್ಟೆಲ್ಲ ಹೇಳಲಿಲ್ಲ. "ಬೋಟಿಗೆ" ಎಂದೆ.

ಬೋಟು ಎಂದರೆ ಅವನಿಗೆ ನೀರು.
ರಬ್ಬರಿನ ಅಂಗಿ ತೊಟ್ಟ ಒಂದನ್ನು ತಂದ,
ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಲೇ ಎಂದ.
ಮಾರಾಯಾ, ನೀರು ಒಣಗಿ ಹೋಗ್ತದೆ.
ಉಪ್ಪು ಕೂತು ಕಾಯ್ತದೆ.

ಬೆರಳು ಸವರಿದರೆ ಚಿತ್ರ ಜಾರುವುದೊಂದಿತ್ತು.
ಇಪ್ಪತ್ತು ವರ್ಷ ಪಾನಾ ಹಿಡಿದ ಬೆರಳು.
ಸವರಿದೆ. ಒತ್ತಿ ಸವರಿದೆ.
ನಾನು ಬಂದೇ ಇಲ್ಲವೆಂಬಂತೆ ಸುಮ್ಮನಿತ್ತು ಗಾಜು.
ಗುಂಡಿಯದೇ ಕೊಡು ಎಂದೆ,
ಒತ್ತಿದರೆ ಟಿಕ್ ಎನ್ನಬೇಕು,
ಎಂಜಿನ್ನಿನ ಗುಂಡಿಯಲ್ಲಿ, ಕತ್ತಲಲ್ಲಿ,
ಉಗುರಿಗೇ ತಿಳಿಯಬೇಕು ಯಾವುದು ಮುಂದೆ ಯಾವುದು ಹಿಂದೆ.
ಮತ್ತೆ ಪೆನ್ಸಿಲ್ ಸೆಲ್ಲಿನದು,
ದಾಮು ತಾಂಡೇಲನ ಟಾರ್ಚಿನಿಂದ
ಕದಿಯಲು ಬರುವಂಥದು.

ಅಂಥದು ಒಂದೇ ಒಂದಿತ್ತು, ಹಳೇ ಮಾಲು,
ಧೂಳು ಊದಿ ಕೊಟ್ಟ.
"ನಾಲ್ಕು ಜಿಬಿ. ಸಾವಿರ ಹಾಡು ಹಿಡೀತದೆ."
ನನ್ನವು ಎಣಿಸಿದರೆ ಮೂವತ್ತೊಂದು.
"ಉಳಿದದ್ದು ಖಾಲಿ ಇರ್ಲಿ ಅಂಕಲ್, ಭಾರ ಆಗೂದಿಲ್ಲ."
ಖಾಲಿ ಹೋಲ್ಡು ಹೊತ್ತು ಬಂದರಿಗೆ ಮರಳುವ ಬೋಟು
ಎಷ್ಟು ಭಾರ ಎಂದು
ಪಾಪ, ಅವನಿಗೇನು ಗೊತ್ತು.

ಆಮೇಲೆ ಎರಡೂ ಕಿವಿಗೆ ತುರುಕಿದ:
"ಈಗ ಕೇಳಿ ಸ್ಟೀರಿಯೋ! ಎಡಕ್ಕೆ ತಬಲಾ, ಬಲಕ್ಕೆ ಕೊಳಲು."
ಬಲಗಿವಿಯನ್ನು ಲೇಲ್ಯಾಂಡ್ ಎಂಜಿನ್ನಿಗೆ ಕೊಟ್ಟು
ಒಂಬತ್ತು ವರ್ಷವಾಯಿತು.
ತಬಲಾ ಬಂತು. ತಬಲಾ ಮಾತ್ರ ಬಂತು.
ತಲೆಯಾಡಿಸಿದೆ.
ಬದಿಯಲ್ಲಿ ನಿಂತ ಶೆವಂತಿ ಎಲ್ಲ ಬಲ್ಲವಳು,
ಬಲಗಡೆಯದನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡಳು,
ಮೀನುಬುಟ್ಟಿ ಕಾಲ ಸಂದಿಗೆ ಸರಿಸಿ
ಕಣ್ಣು ಮುಚ್ಚಿ ನಿಂತಳು ಅರೆಗಳಿಗೆ.
"ಕೊಳಲು ಉಂಟು" ಎಂದಳು.
ಮತ್ತೆ ಚೌಕಾಶಿಗೆ ಇಳಿದಳು.

ಆರನೆಯ ರಾತ್ರಿ. ಬಲೆ ನೀರಿನಲ್ಲಿ.
ತಾಂಡೇಲನಿಗೆ ನಿದ್ದೆ, ಅವನ ಟಾರ್ಚಿಗೆ ಉಪವಾಸ.
ಮೂವತ್ತೊಂದು ಮುಗಿದು
ಮೊದಲಿಗೆ ತಿರುಗಬೇಕಾದದ್ದು ತಿರುಗಲಿಲ್ಲ,
ಖರಖರ ಎಂದಿತು. ಸೆಲ್ಲು ಹೋಯಿತು ಅಂದುಕೊಂಡೆ.
ಆಗ ಬಂತು, ರಸ್ತೆಯ ಹಾರ್ನು, ಫ್ಯಾನಿನ ಗಾಳಿ,
ಕಿವಿಯೊಳಗೇ ನಿಂತು ಶೆವಂತಿ:
"ಏ ಪೋರಾ, ಮೀನಾದ್ರೆ ಕಿವಿರು ಎತ್ತಿ ನೋಡಬಹುದು,
ಇದು ತಾಜಾವೋ ಮೊನ್ನೆದೋ
ಎಲ್ಲಿ ಎತ್ತಿ ನೋಡ್ಲಿ? ಐವತ್ತು ಬಿಡು."
"ಆಗೂದಿಲ್ಲ ಬಾಯಿ, ಎಂ.ಆರ್.ಪಿ..."
"ಎಮ್ಮಾರ್ಪಿ ನಿನ್ನ ಮನೇಲಿ ಇಟ್ಕೋ."
ನಡುವೆ ನನ್ನದೊಂದು ಕೆಮ್ಮು.

ಹುಡುಗ ಏನೇನೋ ಒತ್ತಿ ತೋರಿಸುವಾಗ
ಕೆಂಪು ಚುಕ್ಕೆ ಹೊತ್ತಿದ್ದು ಯಾರೂ ನೋಡಿರಲಿಲ್ಲ.
ಎಡವಿಲ್ಲ ಬಲವಿಲ್ಲ, ಇಡೀ ಅಂಗಡಿ
ಇದ್ದೊಂದು ಕಿವಿಯಲ್ಲಿ ಹಿಡಿಸಿತು.
ಮೂವತ್ತು ಬಿಟ್ಟ ಕೊನೆಗೆ. ಅದೂ ಕೇಳುತ್ತದೆ,
ನೋಟು ಎಣಿಸುವ ಸದ್ದು ಕೂಡ.

ಬೇಡದ್ದನ್ನು ಅಳಿಸುವುದು ಹೇಗೆಂದು
ಇನಾಸ ಬಿಡಿಸಿ ಬಿಡಿಸಿ ಹೇಳಿಕೊಟ್ಟಿದ್ದಾನೆ,
ಮೊದಲು ಇದು ಒತ್ತಿ, ಆಮೇಲೆ ಅದು.
ಆ ಹೇಳಿಕೊಟ್ಟದ್ದೂ
ಅದರೊಳಗೇ ಇದೆ.