ಕ್ಯೆಮ್ಮೆ

ಕ್ಯೆಮ್ಮೆ ಅಂದರೆ ಇಲ್ಲಿಯವರ ಮಾತಲ್ಲಿ ಬಾಚಣಿಗೆ.
ಸಾಲುಗಳ ಸಿಕ್ಕು ಬಿಡಿಸುವ ಪುಟ್ಟ ಉಪಕರಣ;
ಕಿಟಕಿಯಿಲ್ಲ, ಗುಂಡಿಯಿಲ್ಲ,
ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಕಡ್ಡಿ, ಅಷ್ಟೆ.
ಬರೆದವರು ಆರ್ವಿದ್ಸ್. ಲಿಯೆಪಾಯಾದ ಮೀನುಹಡಗಿನಲ್ಲಿ
ಮೂವತ್ತು ವರ್ಷ ರೇಡಿಯೋಗೆ ಕಿವಿಗೊಟ್ಟವರು.

ನನಗೆ ಅದೇ ಬಂದರಿನ ತೂಕದ ಕಟ್ಟೆಯಲ್ಲಿ ರಾತ್ರಿಪಾಳಿ.
ಮರ ಹೊತ್ತ ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ
ಪ್ಯಾಕೇಜ್ ಮ್ಯಾನೇಜರ್ ಎಂಬ ಉಗ್ರಾಣಿಗೆ ಒಪ್ಪಿಸಲು
ಅದನ್ನು ಕಟ್ಟುತ್ತಿದ್ದೆ.
ಕಟ್ಟುವುದು ಅಂದರೆ ಎರಡೂ:
ಗೋಡೆ ಕಟ್ಟಿದ ಹಾಗೆ, ಬುತ್ತಿ ಕಟ್ಟಿದ ಹಾಗೆ.

ಮೊದಲ ದಿನವೇ ಮುನಿಸು.
ಎಂದೋ ಸತ್ತ ಲೈಬ್ರರಿಯೊಂದರ ಹೆಸರು ಹಿಡಿದು
ಅವಳಿಲ್ಲದೆ ಏಳೋದಿಲ್ಲ ಅಂತ ಹಟ.
ಅವಳ ತಂಗಿಯನ್ನು ತಂದು ಕೂರಿಸಿದೆ, ಒಪ್ಪಿತು.
ಕೈಪಿಡಿಯೇ ಇರಲಿಲ್ಲ; ಬರೆದೆ.
ಪರವಾನಗಿ ಎಂಬ ಖಾಲಿ ಜಾಗದಲ್ಲಿ ಬೆರಳು ನಿಂತಿತು.

ಫೋನು ಮಾಡಿದೆ. "ಪರವಾನಗಿಯೇ? ಬಾಚಣಿಗೆಗೆ?
ಬಾಚಿಕೊಳ್ಳಲಿ. ಹೇನಿದ್ದವರು ತೊಳೆದು ಕೊಡಲಿ."
ಹಾಗೆ ಬರೆಯಲು ಬರುವುದಿಲ್ಲ ಅಂದೆ.
ಆ ಕಡೆ ಕೆಟಲ್ ಕೂಗುತ್ತಿತ್ತು.
ನಾಲ್ಕು ಸಾಲು ಓದಿ ಹೇಳಿದೆ. ಎರಡನೆಯದನ್ನು
ಮತ್ತೆ ಓದಿಸಿದರು. "ಹ್ಞಾಂ, ಅದೇ ಇರಲಿ."

ಇನ್ನೊಂದು ಮಾತು, ಅಳುಕುತ್ತಲೇ: ನಿಮ್ಮ ಕ್ಯೆಮ್ಮೆ
ಪ್ರತಿ ಕಡತದ ಕೊನೆಯ ಸಾಲನ್ನು ನುಂಗುತ್ತದೆ.
"ನುಂಗಲೇಬೇಕು," ಅಂದರು.
"ಹಡಗಿನ ದಿನಚರಿಯಲ್ಲಿ ಕೊನೆಯ ಸಾಲು ಯಾವಾಗಲೂ
ಕ್ಯಾಪ್ಟನ್ನನ ಬೈಗುಳ. ದಡದ ಕಚೇರಿಗೆ ಅದು ಯಾಕೆ?"

ಮೂರು ರಾತ್ರಿ ಯೋಚಿಸಿದೆ.
ತಿದ್ದುವುದನ್ನೇ ತಿದ್ದಲು ನಾನು ಯಾರು?
ಆದರೆ ಎಲ್ಲ ಕಡತಕ್ಕೂ ಬೈಗುಳದ ಬಾಲವಿರುವುದಿಲ್ಲ;
ಯಾರದೋ ಪತ್ರದಲ್ಲಿ ಅಲ್ಲಿ ಹೆಸರಿರುತ್ತದೆ.
ಹನ್ನೊಂದು ಸಾಲಿನ ತೇಪೆ ಹಾಕಿದೆ.
ಮುಂದೆ 'ಕ್ಯಾಪ್ಟನ್' ಎಂದು ಸೇರಿಸಿದರೆ
ಹಳೆಯ ಚಾಳಿ ಮರಳಲಿ ಅಂತ ಒಂದು ಕಿಂಡಿ ಬಿಟ್ಟೆ.

ಅರವತ್ತನಾಲ್ಕು ಅಕ್ಷರದ ಮೊಹರು ತಾಳೆಯಾಯಿತು.
ಪರೀಕ್ಷೆಗಳು ಒಂದೊಂದೇ ಹಸಿರಾದವು, ಒಂದರ ಹೊರತು.
ಆ ಜಾತಿಯ ಯಂತ್ರ ಈಗ ಯಾರ ಮನೆಯಲ್ಲೂ ಇರಲಾರದು
ಅಂತ ಟಿಪ್ಪಣಿ ಬರೆದು, ಬೆಳಗಿನ ಐದಕ್ಕೆ ಕಳಿಸಿದೆ.
ಕಟ್ಟೆಯ ಮೇಲೆ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.

ಭಾನುವಾರ ಅವರದೇ ಫೋನು.
"ಒಂದೇ ಸಾಲು ಬರೆದರೆ ಇಳಿದು ಬರುತ್ತದೆ ಅಂದೆಯಲ್ಲ ಹುಡುಗಿ,
ಬರೆದೆ. ಪಾಸ್‌ವರ್ಡ್ ಕೇಳುತ್ತಿದೆ.
ನನ್ನ ಜೇಬಿಂದ ನನ್ನ ಬಾಚಣಿಗೆ ತೆಗೆಯಲು!"
ಹೇಳಿಕೊಟ್ಟೆ. ಕೀಲಿ ಕುಟ್ಟಿದ ಸದ್ದು. ಇಬ್ಬರೂ ಕಾದೆವು.
ಕ್ಯಾಪ್ಟನ್ ಅಂತ ಹಾಕಿ ನೋಡಿದರು, ನಕ್ಕರು, ಕೆಮ್ಮಿದರು.
ಕೊನೆಗೆ ಒಂದು ಮಾತು ಅಂದರು,
ದಡದ ಕಚೇರಿಗೆ ಅದು ಬೇಡ.