ಇಪ್ಪತ್ತೈದು ಮಾತು

ಶಹಾಬಾದಿನ ಸಿಮೆಂಟ್ ಫ್ಯಾಕ್ಟರಿ ದವಾಖಾನೆಯಲ್ಲಿ
ನಮ್ಮಜ್ಜ ನಾಗಿಂದ್ರಪ್ಪ ಕಂಪೌಂಡರ್.
ಕೆಂಪು ಔಷಧಿ, ಬಿಳಿ ಔಷಧಿ,
ಸೀಸೆಯ ಬೆನ್ನಿಗೆ ಕಾಗದದ ಹಲ್ಲು ಕತ್ತರಿಸಿ ಅಂಟಿಸುವವನು:
ಹೊತ್ತಿಗೊಂದು ಹಲ್ಲು ಕುಡೀರಿ.

ಡಾಕ್ಟರು ವಿಯೆನ್ನಾದವರು. ಹೆಸರು ಹಿರ್ಶ್.
ಕಲ್ಲುಗಣಿಯವರ ನಾಲಿಗೆಗೆ ಅದು ಹತ್ತಲಿಲ್ಲ,
ಮೂರೇ ದಿನಕ್ಕೆ ಹಿರೇಸಾಬ ಆಗಿಬಿಟ್ಟರು.
ಹಿರ್ಶ್ ಅಂದರೆ ಜಿಂಕೆ ಅಂತ ಅವರೊಮ್ಮೆ ಹೇಳಿದರೆ
ಅಜ್ಜ ನಕ್ಕನಂತೆ. ಅಷ್ಟು ದಪ್ಪ ಮನುಷ್ಯ, ಜಿಂಕೆ!
ಯಾಕೆ ಓಡಿ ಬಂದಿರಿ ಅಂತ ಮಾತ್ರ ಕೇಳಲಿಲ್ಲ.

ದಫ್ತರದಲ್ಲಿ ಎರಡೇ ಖಾನೆ: ಮುಲ್ಕಿ, ಗೈರ್ ಮುಲ್ಕಿ.
ಪೇಶಕಾರ ಪಾಸ್‌ಪೋರ್ಟು ತಿರುವಿ ತಿರುವಿ ನೋಡಿದ.
ಮೇಲೆ ರೆಕ್ಕೆ ಬಿಚ್ಚಿದ ಹದ್ದು,
ಒಳಗೆ ಕೆಂಪು ಶಾಯಿಯ ಒಂದು ಅಕ್ಷರ, ಮೀನುಗಾಳದಂಥದು.
ಅಲ್ಲಿ ಆ ಅಕ್ಷರಕ್ಕಾಗಿ ಓಡಿಸಿದರು,
ಇಲ್ಲಿ ಆ ಹದ್ದಿಗಾಗಿ ಹಿಡಿದರು.
ಲಡಾಯಿ ಸುರುವಾದ ವಾರ ಇಬ್ಬರು ಪೊಲೀಸರು ಬಂದು
ಜರ್ಮನಿಯವ ನೀನು, ನಡಿ, ಅಂದಾಗ
ಕುದಿಯುವ ನೀರಿನಿಂದ ಸೂಜಿ ತೆಗೆದು ಬದಿಗಿಟ್ಟು
ಹಿರೇಸಾಬರು ಜೋರಾಗಿ ನಕ್ಕರಂತೆ.
ಅಹಮದ್‌ನಗರದ ತಂತಿಬೇಲಿಯಲ್ಲಿ ಏಳು ತಿಂಗಳು.
ತಿರುಗಿ ಬಂದಾಗ ಊರಲ್ಲಿ ಕಾಲರಾ.
ಯಾರಿಗೂ ಮಾತಾಡಲು ಪುರಸೊತ್ತಿರಲಿಲ್ಲ.

ಹೆಂಡತಿ ಎಲ್ಜಾ, ಮಗಳು ಎಡಿತ್ ಅಲ್ಲೇ.
ಒಬ್ಬರ ವೀಸಾ ಬಂದಿತ್ತು, ಇಬ್ಬರದು ಮುಂದಿನ ಹಡಗಿಗೆ ಅಂದಿದ್ದರು.
ಮುಂದಿನ ಹಡಗು ಹೊರಡಲಿಲ್ಲ.
ಉಳಿದದ್ದು ರೆಡ್‌ಕ್ರಾಸಿನ ಫಾರಮ್ಮು:
ಮನೆಸುದ್ದಿ ಮಾತ್ರ. ಇಪ್ಪತ್ತೈದು ಮಾತು ಮೀರಬಾರದು.

ಕಂದೀಲಿನ ಬುಡದಲ್ಲಿ ಡಾಕ್ಟರು ಬೆರಳೆಣಿಸಿ ಬರೆಯುವುದು,
ಹೊಡೆದುಹಾಕುವುದು, ಮತ್ತೆ ಎಣಿಸುವುದು.
ಖಲಬತ್ತಿನಲ್ಲಿ ಏನೋ ಅರೆಯುತ್ತಿದ್ದ ಅಜ್ಜ ಅಂದ:
'ನಮ್ಮ ಮಾತಿನ್ಯಾಗ ಬರೀರಿ ಸಾಹೇಬ್ರ,
ನಮ್ಮ ಶಬ್ದ ಒಂದಕ್ಕೊಂದು ಹತಗೊಂಡು ಹೋಗ್ತಾವ.
ನಿನ್ನ ಬಿಟ್ಟು ನಾ ಬದುಕಲಾರೆ, ಇದು ನಿಮಗ ಎಷ್ಟು ಬೇಕು?'
ಡಾಕ್ಟರು ಎಣಿಸಿದರು. ಆರು.
'ನಮಗ ಒಂದ ಸಾಕು. ಬಿಟ್ಟಿರಲಾರೆ.'
ಅವತ್ತು ಕನ್ನಡ ಐದು ಮಾತು ಉಳಿಸಿಕೊಟ್ಟಿತು.
ಆದರೆ ಸೆನ್ಸಾರಿನವನಿಗೆ ಯಾರು ಓದಿ ಹೇಳಬೇಕು?

ಉತ್ತರಕ್ಕೆ ಸೀತನಿ ಸುಡುವ ಕಾಲ ಬರಬೇಕು.
ಒಂದು ಬಂತು: ಆರಾಮಿದ್ದೇವೆ. ಎಡಿತ್‌ಗೆ ಮುಂದಿನ ಹಲ್ಲು ಬಿದ್ದವು.
ಅದನ್ನು ಡಾಕ್ಟರು ರೋಗಿಗಳಿಗೂ ಓದಿ ಹೇಳಿದರು.
ಆಮೇಲೆ ಇನ್ನೊಂದು:
ನಾಳೆ ಪ್ರಯಾಣ, ಪೂರ್ವಕ್ಕೆ. ಹೊಸ ವಿಳಾಸ ತಿಳಿಸುತ್ತೇವೆ.
ಹದಿನೆಂಟು ಮಾತು ಬಾಕಿ ಬಿಟ್ಟಿದ್ದಳು.
'ಇಷ್ಟು ಕಡಿಮೆ ಮಾತಾಡುವ ಹೆಂಗಸಲ್ಲ ಅವಳು'
ಎಂದು ಡಾಕ್ಟರು ಫಾರಮ್ಮನ್ನು ಮಗುಚಿ ಹಿಂಬದಿ ನೋಡಿದರು.

ಅಜ್ಜನಿಗೆ ಮಾತ್ರ ಹಿಗ್ಗು.
ಪೂರ್ವ ಅಂದರೆ ನಮ್ಮ ಕಡೆ ಅಲ್ಲೇನು?
ಮೂರು ಐತವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು
ಸ್ಟೇಷನ್ನಿಗೆ ಹೋಗಿ ಬಾಂಬೆ ಗಾಡಿ ಕಾದ,
ಜನಾನಾ ಡಬ್ಬಿಯ ಕಿಟಕಿ ಕಿಟಕಿ ಇಣುಕಿ ಬೈಸಿಕೊಂಡ.
ಬೇಡ ಅಂತ ಡಾಕ್ಟರು ಹೇಳಲಿಲ್ಲ.
ಮೂರನೆಯ ಐತವಾರ ತಾವೂ ಜೊತೆಗೆ ಹೋದರು.

ಲಡಾಯಿ ಮುಗಿದ ಮೇಲೆ ಬಂದದ್ದು ಒಂದು ಪಟ್ಟಿ.
ಅವರು ಓದುವಾಗ ಅಜ್ಜ ಗುಳಿಗೆ ಎಣಿಸುತ್ತಿದ್ದ,
ಲೆಕ್ಕ ತಪ್ಪಿತು, ಮೊದಲಿನಿಂದ ಎಣಿಸಿದ, ಮತ್ತೆ ತಪ್ಪಿತು.
ಡಾಕ್ಟರು ಆಸ್ಟ್ರೇಲಿಯಾಕ್ಕೆ ಹೋದರೆಂದು ಕೆಲವರು.
ವಾಡಿಯಲ್ಲಿ ಗಾಡಿ ಬದಲಿಸಿದ್ದನ್ನು ಕಂಡವರಿದ್ದಾರೆ, ಅಷ್ಟೆ.

ಮೊನ್ನೆ ಅಜ್ಜನ ಟ್ರಂಕಿನ ತಳದಲ್ಲಿ
ಸಿಮೆಂಟು ಧೂಳು ಕೂತು ಬಿರುಸಾದ ಒಂದು ಫಾರಮ್ಮು ಸಿಕ್ಕಿತು.
ಪೆನ್ಸಿಲ್ಲಿನ ದುಂಡಕ್ಷರ, ಅವನದೇ.
ನಾನೂ ಬೆರಳೆಣಿಸಿದೆ. ಒಂಬತ್ತು.
ಹದಿನಾರು ಉಳಿಸಿ ಬರೆದಿದ್ದಾನೆ:
ಸಾಹೇಬರು ಆರಾಮದಾರ. ರೊಟ್ಟಿ ಮುರಿಯಾಕ ಕಲತಾರ.
ಕೂಸಿಗೆ ಹಲ್ಲು ಬಂದುವೇನು? ತಿಳಸ್ರಿ.