ಚೇಲಾವರದಲ್ಲಿ ಕಾಲು ಸೆಕೆಂಡು

ಚೆಯ್ಯಂಡಾಣೆಯಲ್ಲಿ ಬಸ್ಸಿಳಿದಾಗ
ಕಾಲುಚೀಲಕ್ಕೆ ಹೊಗೆಸೊಪ್ಪು ಸಿಕ್ಕಿಸಿಕೊಟ್ಟ ಮಾಚಯ್ಯ
"ಮೇಲಿನ ಬಂಡೆ ಬೇಡ" ಎಂದಷ್ಟೇ ಹೇಳಿ
ಮುಂದೆ ನಡೆದ.

ಏಲಕ್ಕಿ ತೋಟ ದಾಟುವ ಮೊದಲೇ ಸದ್ದು,
ಆಮೇಲೆ ತುಂತುರು, ಕೊನೆಗೆ ನೀರು.

ಲೆನ್ಸು ಒರೆಸಿದೆ, ಮಂಜು. ಒರೆಸಿದೆ, ಮತ್ತೆ ಮಂಜು.
ಅಂಗಿಯಲ್ಲಿ ಒಣಗಿದ ಒಂದು ಮೂಲೆ ಹುಡುಕಿ,
ಉಸಿರು ಹಿಡಿದು
ಕಾಲು ಸೆಕೆಂಡು ತೆರೆದಿಟ್ಟೆ.
ಹಾಲು ಕೆನೆಗಟ್ಟಿದ ಹಾಗೆ ಬಂತು.

ತೋರಿಸಿದೆ. ಮಾಚಯ್ಯ ಕ್ಯಾಮೆರಾವನ್ನು
ಮೊದಲು ಕಿವಿಗೆ ಹಿಡಿದ,
ಆಮೇಲೆ ನೋಡಿದ.
"ಪಾಪ, ನಿಂತುಬಿಟ್ಟಿದೆಯಲ್ಲ."

ವಿರಾಜಪೇಟೆ ಬಸ್ಸಿನಲ್ಲಿ ಬೂಟು ಬಿಚ್ಚಿದರೆ
ಕಾಲುಚೀಲ ಕೆಂಪು.
ಜಿಗಣೆ ಯಾವಾಗಲೋ ಉಂಡು ಉದುರಿದೆ.
ಬೆರಳೊತ್ತಿದೆ. ಟಿಕೆಟ್ಟು ಅಂಟಿಸಿದೆ.
ಪಕ್ಕದಜ್ಜಿ ಎಲೆಯಡಿಕೆ ಸಂಚಿ ಬಿಚ್ಚಿ
ಸುಣ್ಣ ಹಚ್ಚಿದರು.

ಕಡಂಗ ದಾಟಿತು.
ಇನ್ನೂ ಹರಿಯುತ್ತಲೇ ಇದೆ.